ಗ್ಯಾಸ್ ಪೀಕರ್ ಸ್ಥಾವರದ ಹೊಗೆ ಲೆಕ್ಕ ಹಾಕುವುದು ಹೇಗೆ?

ಗ್ಯಾಸಿನಿಂದ ಓಡುವ ಪೀಕರ್ ಸ್ಥಾವರ ಎಷ್ಟು ಹೊಗೆ ಬಿಡುತ್ತದೆ ಅಂತ ಕೇಳಿದರೆ, ಸಾಮಾನ್ಯವಾಗಿ ವರ್ಷದ ಒಟ್ಟು ಅಂಕಿಯೊಂದನ್ನು ಕೈಗೆ ಕೊಡುತ್ತಾರೆ. ಇಷ್ಟು ಸಾವಿರ ಟನ್. ಆ ಅಂಕಿ ಸುಳ್ಳಲ್ಲ. ಆದರೆ ಅದನ್ನೊಂದೇ ಹಿಡಿದುಕೊಂಡರೆ ಸ್ಥಾವರದ ಸ್ವಭಾವ ಗೊತ್ತಾಗುವುದಿಲ್ಲ. ಪೀಕರ್ ವರ್ಷವಿಡೀ ಓಡುವ ಯಂತ್ರವೇ ಅಲ್ಲ. ಬೇಡಿಕೆ ಏರಿದಾಗ ಎದ್ದು, ಒಂದೆರಡು ಗಂಟೆ ದುಡಿದು, ಮತ್ತೆ ಮಲಗುವ ಯಂತ್ರ. ಹಾಗಾಗಿ ಎಷ್ಟು ಸಲ ಎದ್ದಿತು, ಪ್ರತಿ ಸಲ ಎಷ್ಟು ಹೊತ್ತು ಓಡಿತು ಅನ್ನುವುದನ್ನು ಕೇಳದೆ ಅದರ ಹೊಗೆಯ ಬಗ್ಗೆ ಮಾತಾಡುವುದು ಅರ್ಧ ಲೆಕ್ಕ.

ಆ ಪೂರ್ತಿ ಲೆಕ್ಕವನ್ನು ನೀವೇ ಹಾಕಬಹುದು. ಕಾಗದ, ಪೆನ್ನು, ಶಾಲೆಯಲ್ಲಿ ಕಲಿತ ಗುಣಾಕಾರ ಭಾಗಾಕಾರ ಸಾಕು. ನಿಮ್ಮ ಊರಿನ ಹತ್ತಿರ ಇಂಥ ಸ್ಥಾವರ ಇರಬಹುದು, ಇಲ್ಲವೇ ಬರುತ್ತಿರಬಹುದು. ಅಥವಾ ನೀವು ಸುಮ್ನೆ ವಿದ್ಯುತ್ತಿನ ವಿಷಯ ತಿಳಿಯಬೇಕು ಅನ್ನುವವರಿರಬಹುದು. ಯಾರೇ ಆದರೂ ಕೆಳಗಿನ ಕ್ರಮದಲ್ಲಿ ಹೋದರೆ ಸುಲಭ.

1. ಅದು ನಿಜವಾಗಿಯೂ ಪೀಕರ್ ಹೌದಾ ಅಂತ ನೋಡಿ

ಸ್ಥಾವರದ ಗಾತ್ರವನ್ನು ಮೆಗಾವ್ಯಾಟ್‌ನಲ್ಲಿ ಬರೆದುಕೊಳ್ಳಿ. ವರ್ಷಕ್ಕೆ 8,760 ಗಂಟೆ. ಎರಡನ್ನೂ ಗುಣಿಸಿ. ಒಂದು ನಿಮಿಷವೂ ನಿಲ್ಲದೆ ಪೂರ್ತಿ ಶಕ್ತಿಯಲ್ಲಿ ಓಡಿದ್ದರೆ ಬರುತ್ತಿದ್ದ ವಿದ್ಯುತ್ ಅದು. ನಿಜವಾಗಿ ಬಂದ ವಿದ್ಯುತ್ತನ್ನು ಇದರಿಂದ ಭಾಗಿಸಿ.

ಒಂದು ಉದಾಹರಣೆ ಹಿಡಿದುಕೊಳ್ಳೋಣ, ಕೊನೆಯವರೆಗೂ ಅದೇ ಇರಲಿ. 50 ಮೆಗಾವ್ಯಾಟ್ ಸ್ಥಾವರ. ವರ್ಷದಲ್ಲಿ 100 ದಿನ, ದಿನಕ್ಕೆ 3 ಗಂಟೆ ಪೂರ್ತಿ ಲೋಡಿನಲ್ಲಿ ಓಡಿದೆ. ಅಂದರೆ 15,000 ಮೆಗಾವ್ಯಾಟ್ ಗಂಟೆ. ಸಾಧ್ಯವಿದ್ದದ್ದು 4,38,000. ಭಾಗಿಸಿದರೆ ಶೇ. 3.4. ಪೀಕರ್‌ಗಳಲ್ಲಿ ಈ ಅಂಕಿ ಸಾಮಾನ್ಯವಾಗಿ ಶೇ. 15ರ ಒಳಗೇ ಇರುತ್ತದೆ. ಶೇ. 40, 50 ಬಂದರೆ ಅದನ್ನು ಪೀಕರ್ ಅನ್ನುವುದು ಬರೀ ಹೆಸರಿಗೆ.

ಇಷ್ಟು ಕಡಿಮೆ ಓಡುವ ಸ್ಥಾವರ ಯಾಕೆ ಬೇಕು? ಗ್ರಿಡ್‌ನಲ್ಲಿ ಪ್ರತಿ ಕ್ಷಣವೂ ಉತ್ಪಾದನೆ ಮತ್ತು ಬಳಕೆ ಸರಿಸಮ ಇರಬೇಕು. ಇಲ್ಲದಿದ್ದರೆ ಫ್ರೀಕ್ವೆನ್ಸಿ, ಅಂದರೆ ಆ 50 ಅಥವಾ 60 ಹರ್ಟ್ಸ್, ಜಾರಲು ಶುರುವಾಗುತ್ತದೆ. ಕಡಿಮೆ ಖರ್ಚಿನ ಸ್ಥಾವರಗಳನ್ನು ಮೊದಲು ಓಡಿಸುತ್ತಾರೆ, ದುಬಾರಿಯವನ್ನು ಕೊನೆಗೆ. ಪೀಕರ್ ಆ ಸಾಲಿನ ಕೊನೆಯಲ್ಲಿ ನಿಂತಿರುತ್ತದೆ.

ದುಬಾರಿ ಯಾಕೆ ಅಂದರೆ, ಅದು ತನ್ನ ಬಿಸಿಯನ್ನೆಲ್ಲ ಗಾಳಿಗೆ ಬಿಡುತ್ತದೆ. ಟರ್ಬೈನಿನಿಂದ ಹೊರಬರುವ ಅನಿಲ 450ರಿಂದ 600 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಅದೇ ಬಿಸಿಯಿಂದ ಹಬೆ ಮಾಡಿ ಇನ್ನೊಂದು ಟರ್ಬೈನ್ ತಿರುಗಿಸಿದರೆ ಅದು ಕಂಬೈನ್ಡ್ ಸೈಕಲ್. ಅಂಥ ಹೊಸ ಸ್ಥಾವರಗಳು ಗ್ಯಾಸಿನ ಶಕ್ತಿಯಲ್ಲಿ ಶೇ. 60ಕ್ಕಿಂತ ಜಾಸ್ತಿಯನ್ನು ವಿದ್ಯುತ್ ಮಾಡುತ್ತವೆ. ಆದರೆ ದಪ್ಪ ಲೋಹದ ಬಾಯ್ಲರನ್ನು ನಿಧಾನವಾಗಿಯೇ ಕಾಯಿಸಬೇಕು. ಅವಸರ ಮಾಡಿದರೆ ಬಿರುಕು ಬಿಡುತ್ತದೆ. ಪೀಕರ್‌ಗೆ ಅಷ್ಟು ಸಮಯ ಇಲ್ಲ. ಆದ್ದರಿಂದ ಬರೀ ಗ್ಯಾಸ್ ಟರ್ಬೈನ್ ಒಂದೇ. ದಕ್ಷತೆ ಶೇ. 30ರಿಂದ 40ರ ಆಸುಪಾಸು.

ಇದು ಹೊಸ ಯೋಚನೆಯೇನೂ ಅಲ್ಲ. ಜಗತ್ತಿನ ಮೊದಲ ವಿದ್ಯುತ್ ಗ್ಯಾಸ್ ಟರ್ಬೈನನ್ನು ಬ್ರೌನ್ ಬೊವೇರಿ ಕಂಪನಿ 1939ರಲ್ಲಿ ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್‌ನಲ್ಲಿ ಕೂರಿಸಿತು. 4 ಮೆಗಾವ್ಯಾಟ್, ಎಣ್ಣೆ ಉರಿಸುತ್ತಿತ್ತು. ದಕ್ಷತೆ ಶೇ. 17ಕ್ಕಿಂತ ಸ್ವಲ್ಪ ಮೇಲೆ ಅಷ್ಟೇ. ಅದನ್ನು ಕಟ್ಟಿದ್ದೂ ತುರ್ತಿಗೆ ಇರಲಿ ಅಂತಲೇ. 2002ರವರೆಗೂ ಅದು ಹಾಗೇ ಕಾದು ಕೂತಿತ್ತು.

2. ಒಂದು ಸ್ಟಾರ್ಟನ್ನು ಮೊದಲಿಂದ ಕೊನೆವರೆಗೆ ಹಿಂಬಾಲಿಸಿ

ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು. ಹೊಗೆಯ ಕಥೆ ಇರುವುದೆಲ್ಲ ಇಲ್ಲೇ.

ಗ್ರಿಡ್ ನೋಡಿಕೊಳ್ಳುವವರಿಂದ ಸೂಚನೆ ಬರುತ್ತದೆ. ಮೊದಲು ಬೇರಿಂಗುಗಳಿಗೆ ಎಣ್ಣೆ ಹರಿಯಬೇಕು. ಆಮೇಲೆ ಟರ್ಬೈನನ್ನು ಹೊರಗಿನಿಂದ ತಿರುಗಿಸಬೇಕು. ಅದು ತಾನಾಗಿಯೇ ಎದ್ದೇಳುವುದಿಲ್ಲ. ಯಾಕೆಂದರೆ ಟರ್ಬೈನ್ ಮಾಡುವ ಕೆಲಸದಲ್ಲಿ ಅರ್ಧಕ್ಕಿಂತ ಜಾಸ್ತಿ ಮುಂದಿರುವ ಕಂಪ್ರೆಸರ್‌ಗೇ ಹೋಗುತ್ತದೆ. ಕಂಪ್ರೆಸರ್ ಗಾಳಿಯನ್ನು ಒತ್ತದಿದ್ದರೆ ಬೆಂಕಿಯಿಂದ ಬಲ ಸಿಗುವುದಿಲ್ಲ. ಬೆಂಕಿಯ ಬಲವಿಲ್ಲದೆ ಕಂಪ್ರೆಸರ್ ತಿರುಗುವುದಿಲ್ಲ. ಈ ಗಂಟು ಬಿಚ್ಚಲು ಒಂದು ಮೋಟಾರ್ ಬೇಕು. ದೊಡ್ಡ ಯಂತ್ರಗಳಲ್ಲಿ ಜನರೇಟರನ್ನೇ ಸ್ವಲ್ಪ ಹೊತ್ತು ಮೋಟಾರಿನಂತೆ ಬಳಸುತ್ತಾರೆ.

ತಿರುಗಲು ಶುರುವಾದ ಮೇಲೂ ತಕ್ಷಣ ಗ್ಯಾಸ್ ಬಿಡುವುದಿಲ್ಲ. ಕೆಲವು ನಿಮಿಷ ಬರೀ ಗಾಳಿ ಓಡಿಸಿ ಒಳಗನ್ನೆಲ್ಲ ತೊಳೆಯುತ್ತಾರೆ. ಹಿಂದಿನ ಸಲದ ಉರಿಯದ ಗ್ಯಾಸ್ ಎಲ್ಲಾದರೂ ಉಳಿದಿದ್ದರೆ ಕಿಡಿ ತಾಗಿ ಸ್ಫೋಟವಾಗಬಾರದು. ಈ ಹಂತದಲ್ಲಿ ಹೊಗೆ ಸೊನ್ನೆ. ಎಷ್ಟೇ ಅವಸರವಿದ್ದರೂ ಇದನ್ನು ಬಿಡುವಂತಿಲ್ಲ.

ಆಮೇಲೆ ಕಿಡಿ. ಜ್ವಾಲೆ ಹತ್ತಿತಾ ಅಂತ ಸೆನ್ಸರ್‌ಗಳು ನೋಡುತ್ತವೆ. ಹತ್ತದಿದ್ದರೆ ಕೆಲವೇ ಸೆಕೆಂಡಿನಲ್ಲಿ ಗ್ಯಾಸ್ ಬಂದ್, ಮತ್ತೆ ತೊಳೆಯುವುದರಿಂದ ಶುರು. ಹತ್ತಿದರೆ ವೇಗ ಏರುತ್ತದೆ. ಒಂದು ಹಂತ ದಾಟಿದ ಮೇಲೆ ಯಂತ್ರ ತನ್ನ ಕಾಲ ಮೇಲೆ ತಾನು ನಿಲ್ಲುತ್ತದೆ, ಮೋಟಾರ್ ಬಿಡಿಸಿಕೊಳ್ಳುತ್ತದೆ. ದೊಡ್ಡ ಟರ್ಬೈನ್ 50 ಹರ್ಟ್ಸ್ ಗ್ರಿಡ್‌ನಲ್ಲಿ ನಿಮಿಷಕ್ಕೆ 3,000 ಸುತ್ತು, 60 ಹರ್ಟ್ಸ್‌ನಲ್ಲಿ 3,600 ಸುತ್ತು ಮುಟ್ಟಬೇಕು.

ಈ ಜಾಗದಲ್ಲಿ ಪೆನ್ನು ಹಿಡಿಯಿರಿ. ಯಂತ್ರ ಪೂರ್ತಿ ವೇಗದಲ್ಲಿದೆ, ಆದರೆ ಇನ್ನೂ ಒಂದು ಯೂನಿಟ್ ವಿದ್ಯುತ್ತೂ ಹೊರಗೆ ಹೋಗಿಲ್ಲ. ಸುಮ್ನೆ ತಿರುಗುತ್ತಾ ಇರುವುದಕ್ಕೇ ಪೂರ್ತಿ ಲೋಡಿನ ಗ್ಯಾಸಿನಲ್ಲಿ ಸುಮಾರು ಐದನೇ ಒಂದು ಭಾಗ, ಕೆಲವು ಯಂತ್ರಗಳಲ್ಲಿ ಕಾಲು ಭಾಗ, ಉರಿಯುತ್ತಿರುತ್ತದೆ. ಹೊಗೆ ಇದೆ, ಯೂನಿಟ್ ಇಲ್ಲ.

ಇನ್ನು ಗ್ರಿಡ್‌ಗೆ ಜೋಡಿಸುವುದು. ಜನರೇಟರಿನ ವೋಲ್ಟೇಜ್, ಫ್ರೀಕ್ವೆನ್ಸಿ, ಅಲೆಯ ಏರಿಳಿತ ಮೂರೂ ಗ್ರಿಡ್‌ನದಕ್ಕೆ ಹೊಂದಬೇಕು. ಹೊಂದಿದ ಕ್ಷಣ ಬ್ರೇಕರ್, ಅಂದರೆ ಗ್ರಿಡ್‌ಗೆ ಜೋಡಿಸುವ ದೊಡ್ಡ ಸ್ವಿಚ್, ಮುಚ್ಚುತ್ತದೆ. ಓಡುವ ಬಸ್ಸಿಗೆ ಹತ್ತುವವರು ಬಸ್ಸಿನ ಜೊತೆ ಸ್ವಲ್ಪ ಓಡಿ ಹತ್ತುತ್ತಾರಲ್ಲ, ಹಾಗೆ. ಹೊಂದದೆ ಜೋಡಿಸಿದರೆ ಶಾಫ್ಟ್ ಮುರಿಯುವಷ್ಟು ಜೋರಾದ ಹೊಡೆತ ಬೀಳಬಹುದು.

ಇಷ್ಟಕ್ಕೂ ಸೇರಿ ಎಷ್ಟು ಸಮಯ? ವಿಮಾನದ ಎಂಜಿನ್‌ನಿಂದ ರೂಪಿಸಿದ ಹಗುರ ಟರ್ಬೈನ್ ಸುಮಾರು 10 ನಿಮಿಷದಲ್ಲಿ ಪೂರ್ತಿ ಲೋಡ್ ಮುಟ್ಟುತ್ತದೆ. ಭಾರದ ಟರ್ಬೈನಿಗೆ ಹತ್ತರಿಂದ ಮೂವತ್ತು ನಿಮಿಷ. ಕೆಲವು ಪೀಕರ್‌ಗಳಲ್ಲಿ ಟರ್ಬೈನ್ ಬದಲು ಪಿಸ್ಟನ್ ಎಂಜಿನ್‌ಗಳ ಸಾಲು ಇರುತ್ತದೆ. ಅವು ಎರಡರಿಂದ ಐದು ನಿಮಿಷದಲ್ಲಿ ತಯಾರು.

ನಿಲ್ಲಿಸುವಾಗ ಇದೇ ದಾರಿಯಲ್ಲಿ ವಾಪಸ್. ಲೋಡ್ ಇಳಿಸಿ, ಬ್ರೇಕರ್ ತೆರೆದು, ಸ್ವಲ್ಪ ಹೊತ್ತು ಖಾಲಿ ಓಡಿಸಿ ತಣಿಸಿ, ಗ್ಯಾಸ್ ಬಂದ್ ಮಾಡುತ್ತಾರೆ. ದೊಡ್ಡ ಯಂತ್ರದ ಬಿಸಿ ಶಾಫ್ಟನ್ನು ಹಾಗೇ ಬಿಟ್ಟರೆ ತನ್ನ ಭಾರಕ್ಕೆ ಬಾಗುತ್ತದೆ. ಅದಕ್ಕೇ ತಣ್ಣಗಾಗುವವರೆಗೆ ನಿಧಾನವಾಗಿ ತಿರುಗಿಸುತ್ತಾ ಇರುತ್ತಾರೆ.

3. ಆ ದಿನ ಎಷ್ಟು ಸೆಕೆ ಇತ್ತು ಅಂತ ಬರೆದುಕೊಳ್ಳಿ

ಟರ್ಬೈನಿನ ಮೇಲೆ ಬರೆದ ಮೆಗಾವ್ಯಾಟ್ 15 ಡಿಗ್ರಿ ಸೆಲ್ಸಿಯಸ್ ಹವೆಗೆ, ಸಮುದ್ರ ಮಟ್ಟಕ್ಕೆ ಲೆಕ್ಕ ಹಾಕಿದ್ದು. ಬಿಸಿ ಗಾಳಿ ತೆಳು. ಯಂತ್ರದೊಳಗೆ ಹೋಗುವ ಗಾಳಿಯ ತೂಕವೇ ಕಡಿಮೆ. 15 ಡಿಗ್ರಿಗಿಂತ ಮೇಲಿನ ಪ್ರತಿ ಡಿಗ್ರಿಗೆ ಉತ್ಪಾದನೆ ಶೇ. 0.5ರಿಂದ 1ರಷ್ಟು ಇಳಿಯುತ್ತದೆ. 40 ಡಿಗ್ರಿ ದಿನ ನಮ್ಮ 50 ಮೆಗಾವ್ಯಾಟ್ ಸ್ಥಾವರ 40ರ ಹತ್ತಿರಕ್ಕೆ ಬಂದರೂ ಆಶ್ಚರ್ಯವಿಲ್ಲ, ದಕ್ಷತೆಯೂ ಸ್ವಲ್ಪ ಕುಗ್ಗುತ್ತದೆ. ಜನ ವಿದ್ಯುತ್ತನ್ನು ಅತಿ ಜಾಸ್ತಿ ಕೇಳುವುದೇ ಆ ದಿನ. ಒಳಬರುವ ಗಾಳಿಗೆ ಸಣ್ಣ ಮಂಜಿನಂತೆ ನೀರು ಸಿಂಪಡಿಸಿ ತಂಪು ಮಾಡಿದರೆ ಸ್ವಲ್ಪ ವಾಪಸ್ ಸಿಗುತ್ತದೆ.

4. ಇಂಗಾಲದ ಡೈಆಕ್ಸೈಡ್ ಲೆಕ್ಕ

ಇದು ಸುಲಭ. ನೈಸರ್ಗಿಕ ಅನಿಲದಲ್ಲಿ ಬಹುಪಾಲು ಮೀಥೇನ್. ಒಂದು ಕೆ.ಜಿ. ಮೀಥೇನ್ ಉರಿದರೆ 2.75 ಕೆ.ಜಿ. ಇಂಗಾಲದ ಡೈಆಕ್ಸೈಡ್ ಬರುತ್ತದೆ. ತೂಕ ಹೆಚ್ಚಾಗುವುದು ಗಾಳಿಯ ಆಮ್ಲಜನಕ ಸೇರುವುದರಿಂದ. ಶಕ್ತಿಯ ಲೆಕ್ಕದಲ್ಲಿ, ಪ್ರತಿ ಗಿಗಾಜೂಲ್ (ಸುಮಾರು 278 ಯೂನಿಟ್‌ನಷ್ಟು ಶಕ್ತಿ) ಗ್ಯಾಸಿಗೆ ಸುಮಾರು 56 ಕೆ.ಜಿ. ಇದನ್ನು ಯೂನಿಟ್‌ಗೆ ತಂದರೆ 0.202 ಕೆ.ಜಿ., ಅದೂ ಗ್ಯಾಸಿನ ಶಕ್ತಿಯೆಲ್ಲ ವಿದ್ಯುತ್ ಆದರೆ. ಹಾಗಾಗುವುದಿಲ್ಲ. ಆದ್ದರಿಂದ ದಕ್ಷತೆಯಿಂದ ಭಾಗಿಸಿ.

ನಮ್ಮ ಸ್ಥಾವರದ ದಕ್ಷತೆ ಶೇ. 36 ಇರಲಿ. 0.202ನ್ನು 0.36ರಿಂದ ಭಾಗಿಸಿದರೆ ಯೂನಿಟ್‌ಗೆ 0.56 ಕೆ.ಜಿ. 15,000 ಮೆಗಾವ್ಯಾಟ್ ಗಂಟೆಗೆ, ಅಂದರೆ ಒಂದೂವರೆ ಕೋಟಿ ಯೂನಿಟ್‌ಗೆ, ಸುಮಾರು 8,400 ಟನ್. ಅದೇ ವಿದ್ಯುತ್ತನ್ನು ಶೇ. 60 ದಕ್ಷತೆಯ ಕಂಬೈನ್ಡ್ ಸೈಕಲ್‌ನಿಂದ ತೆಗೆದರೆ ಯೂನಿಟ್‌ಗೆ 0.34 ಕೆ.ಜಿ., ಒಟ್ಟು ಸುಮಾರು 5,050 ಟನ್.

ಒಂದು ಎಚ್ಚರಿಕೆ. ಆ ಶೇ. 36 ಪೂರ್ತಿ ಲೋಡಿನ ಅಂಕಿ. ಅರ್ಧ ಲೋಡಿನಲ್ಲಿ ಓಡಿಸಿದರೆ ದಕ್ಷತೆ ಐದನೇ ಒಂದು ಭಾಗದಷ್ಟು, ಕೆಲವೊಮ್ಮೆ ಇನ್ನೂ ಜಾಸ್ತಿ ಬೀಳುತ್ತದೆ. ಪೀಕರ್‌ಗಳನ್ನು ಗಾಳಿ ಮತ್ತು ಸೋಲಾರ್ ಏರಿಳಿತಕ್ಕೆ ತಕ್ಕಂತೆ ಅರ್ಧ ಲೋಡಿನಲ್ಲಿ ಇಡುವುದೂ ಉಂಟು. ಕೈಪಿಡಿಯಲ್ಲಿರುವ ದಕ್ಷತೆಯನ್ನು ನಂಬಿ ಲೆಕ್ಕ ಹಾಕಬೇಡಿ. ವರ್ಷದಲ್ಲಿ ಎಷ್ಟು ಗ್ಯಾಸ್ ಉರಿಸಿದರು, ಎಷ್ಟು ಯೂನಿಟ್ ಬಂತು ಅಂತ ಕೇಳಿ ನೀವೇ ಭಾಗಿಸಿ. ಸ್ಟಾರ್ಟ್‌ಗೆ ಹೋದ ಗ್ಯಾಸೂ ಅದರಲ್ಲಿ ತಾನಾಗಿ ಸೇರಿರುತ್ತದೆ.

ಗ್ಯಾಸ್ ಸಿಗದಾಗ ಡೀಸೆಲ್ ಉರಿಸುವ ಏರ್ಪಾಡೂ ಎಷ್ಟೋ ಪೀಕರ್‌ಗಳಲ್ಲಿ ಇರುತ್ತದೆ. ಅಷ್ಟೇ ಶಕ್ತಿಗೆ ಡೀಸೆಲ್‌ನಿಂದ ಬರುವ ಇಂಗಾಲದ ಡೈಆಕ್ಸೈಡ್ ಸುಮಾರು ಮೂರನೇ ಒಂದು ಭಾಗ ಜಾಸ್ತಿ. ಆ ಗಂಟೆಗಳನ್ನು ಬೇರೆಯಾಗಿ ಬರೆಯಿರಿ.

5. ನಾಕ್ಸ್: ಸ್ಟಾರ್ಟ್‌ಗಳನ್ನು ಎಣಿಸಿ

ಇಂಗಾಲದ ಡೈಆಕ್ಸೈಡ್ ಎಲ್ಲಿ ಬಿಟ್ಟರೂ ಇಡೀ ಭೂಮಿಗೆ ಒಂದೇ. ಸಾರಜನಕದ ಆಕ್ಸೈಡುಗಳು, ಅಂದರೆ ನಾಕ್ಸ್, ಹಾಗಲ್ಲ. ಅದನ್ನು ಮೊದಲು ಉಸಿರಾಡುವವರು ಸ್ಥಾವರದ ಸುತ್ತ ಇರುವ ಜನ. ನನ್ನ ಮಟ್ಟಿಗೆ ಪೀಕರ್‌ನ ವಿಷಯದಲ್ಲಿ ಇದೇ ದೊಡ್ಡ ಪ್ರಶ್ನೆ. ಬಿಸಿಲು ಬಿದ್ದಾಗ ನಾಕ್ಸ್ ಗಾಳಿಯ ಇತರ ಆವಿಗಳ ಜೊತೆ ಸೇರಿ ನೆಲಮಟ್ಟದ ಓಜೋನ್ ಆಗುತ್ತದೆ. ಆಸ್ತಮಾ ಇರುವವರಿಗೆ, ಮಕ್ಕಳಿಗೆ, ವಯಸ್ಸಾದವರಿಗೆ ಅದು ಬಹಳ ಕೆಟ್ಟದ್ದು. ಓಜೋನ್ ಹುಟ್ಟುವುದು ಗಾಳಿಯಾಡದ ಸುಡು ಬಿಸಿಲಿನ ದಿನ. ಪೀಕರ್ ಓಡುವುದೂ ಅದೇ ದಿನ. ವರ್ಷದ ಸರಾಸರಿಯಲ್ಲಿ ಈ ಸಂಗತಿ ಕಾಣುವುದೇ ಇಲ್ಲ.

ನಾಕ್ಸ್ ಬರುವುದು ಗ್ಯಾಸಿನಿಂದಲ್ಲ, ಗಾಳಿಯಿಂದ. ಜ್ವಾಲೆ ಸುಮಾರು 1,500 ಡಿಗ್ರಿ ದಾಟಿದರೆ ಗಾಳಿಯಲ್ಲಿರುವ ಸಾರಜನಕ, ಆಮ್ಲಜನಕ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಬಿಸಿ ಏರಿದಷ್ಟೂ ಬೇಗ ಬೇಗ ಅಂಟುತ್ತವೆ. ತಡೆಯಲು ಮುಖ್ಯವಾಗಿ ಮೂರು ದಾರಿ. ಜ್ವಾಲೆಗೆ ಶುದ್ಧ ನೀರು ಅಥವಾ ಹಬೆ ಬಿಟ್ಟು ತಣಿಸುವುದು ಹಳೆಯ ದಾರಿ, ಅದಕ್ಕೆ ನೀರು ಬಹಳ ಬೇಕು. ಎರಡನೆಯದು ಗ್ಯಾಸನ್ನು ಮೊದಲೇ ಜಾಸ್ತಿ ಗಾಳಿಯ ಜೊತೆ ಕಲಸಿ ಉರಿಸುವುದು. ಜ್ವಾಲೆಯ ಒಳಗೆ ಅತಿ ಬಿಸಿಯ ಚುಕ್ಕೆಗಳೇ ಇರುವುದಿಲ್ಲ. ಇದರಿಂದ ನಾಕ್ಸ್ 9ರಿಂದ 25 ಪಿಪಿಎಂವರೆಗೆ (ಹತ್ತು ಲಕ್ಷ ಭಾಗ ಹೊಗೆಯಲ್ಲಿ ಅಷ್ಟು ಭಾಗ) ಇಳಿಯುತ್ತದೆ. ಮೂರನೆಯದು ಹೊಗೆಗೆ ಅಮೋನಿಯಾ ಸೇರಿಸಿ ಕ್ಯಾಟಲಿಸ್ಟ್ (ತಾನು ಖರ್ಚಾಗದೆ ರಾಸಾಯನಿಕ ಕ್ರಿಯೆಯನ್ನು ಬೇಗ ಮಾಡಿಸುವ ವಸ್ತು) ಮೂಲಕ ಹಾಯಿಸುವುದು. ನಾಕ್ಸ್ ಮತ್ತೆ ಸಾರಜನಕ ಮತ್ತು ನೀರಾಗುತ್ತದೆ. ಇದರಿಂದ 2ರಿಂದ 5 ಪಿಪಿಎಂವರೆಗೂ ಇಳಿಸಬಹುದು.

ಜಾಹೀರಾತಿನಲ್ಲಿ ಕಾಣುವುದು ಈ ಚಿಕ್ಕ ಸಂಖ್ಯೆಗಳು. ಸ್ಟಾರ್ಟ್ ಹೊತ್ತಿನಲ್ಲಿ ಇವು ಯಾವುವೂ ಪೂರ್ತಿ ಕೆಲಸ ಮಾಡುವುದಿಲ್ಲ. ಲೋಡ್ ಕಡಿಮೆ ಇದ್ದಾಗ ಗ್ಯಾಸ್ ತೆಳುವಾಗಿ ಕಲಸಿದರೆ ಜ್ವಾಲೆ ಆರಿಹೋಗುತ್ತದೆ. ಅದಕ್ಕೆ ಗಟ್ಟಿ ಜ್ವಾಲೆಯಲ್ಲೇ ಉರಿಸಬೇಕು, ಅದು ಜಾಸ್ತಿ ನಾಕ್ಸ್ ಕೊಡುತ್ತದೆ. ಕ್ಯಾಟಲಿಸ್ಟ್ ಇನ್ನೂ ತಣ್ಣಗಿರುತ್ತದೆ, ಬಿಸಿಯಾಗದೆ ಅಮೋನಿಯಾ ಬಿಡುವಂತಿಲ್ಲ. ಸರಿಯಾಗಿ ಉರಿಯದ ಗ್ಯಾಸೂ ಕಾರ್ಬನ್ ಮೊನಾಕ್ಸೈಡೂ ಇದೇ ನಿಮಿಷಗಳಲ್ಲಿ ಹೊರಬರುತ್ತವೆ. ಲೋಡ್ ಅರ್ಧ ದಾಟಿದ ಮೇಲೆ ಎಲ್ಲ ಹದಕ್ಕೆ ಬರುತ್ತದೆ. ಇಳಿಯುವಾಗ ಮತ್ತೆ ಅದೇ ಪಾಡು.

ಇದರ ಪರಿಣಾಮ ನೋಡಲು ಒಂದು ಸಣ್ಣ ಲೆಕ್ಕ. ಅಂಕಿಗಳು ನಾನು ತಿಳಿಸಲಿಕ್ಕಾಗಿ ಹಿಡಿದುಕೊಂಡವು. ಹದವಾಗಿ ಓಡುವಾಗ ಗಂಟೆಗೆ 3 ಕೆ.ಜಿ. ನಾಕ್ಸ್, ಒಂದು ಸಲ ಎದ್ದು ಮಲಗುವುದಕ್ಕೆ 10 ಕೆ.ಜಿ. ಅಂತ ಇಟ್ಟುಕೊಳ್ಳಿ. ಒಂದೇ ಸ್ಟಾರ್ಟ್‌ನಲ್ಲಿ 10 ಗಂಟೆ ಓಡಿದರೆ ಒಟ್ಟು 40 ಕೆ.ಜಿ. ಹತ್ತು ಸಲ ಎದ್ದು ಒಂದೊಂದು ಗಂಟೆ ಓಡಿದರೆ 130 ಕೆ.ಜಿ. ಯೂನಿಟ್ ಅಷ್ಟೇ. ನಾಕ್ಸ್ ಮೂರು ಪಟ್ಟಿಗಿಂತ ಜಾಸ್ತಿ. ಓಡಿದ ಗಂಟೆ ಮಾತ್ರ ಎಣಿಸಿದವರಿಗೆ ಎರಡೂ ಒಂದೇ ಥರ ಕಾಣುತ್ತವೆ, ಅಲ್ವಾ?

ಪಿಪಿಎಂ ಓದುವಾಗಲೂ ಜೋಪಾನ. ಹೊಗೆಗೆ ಗಾಳಿ ಜಾಸ್ತಿ ಬೆರೆತಿದ್ದರೆ ಪಿಪಿಎಂ ತಾನಾಗಿ ಕಡಿಮೆ ಕಾಣುತ್ತದೆ. ಹಾಲಿಗೆ ನೀರು ಬೆರೆಸಿದರೆ ತೆಳುವಾದ ಹಾಗೆ. ಅದಕ್ಕೇ ಟರ್ಬೈನ್‌ಗಳಲ್ಲಿ ಎಲ್ಲವನ್ನೂ ಶೇ. 15 ಆಮ್ಲಜನಕಕ್ಕೆ ಹೊಂದಿಸಿ ಹೇಳುವುದು ರೂಢಿ. ಮಾಮೂಲಿ ಗಾಳಿಯಲ್ಲಿ ಆಮ್ಲಜನಕ ಶೇ. 20.9. ಅದರಿಂದ 15 ಕಳೆದರೆ 5.9. ಹೊಗೆಯಲ್ಲಿ ಅಳೆದ ಆಮ್ಲಜನಕದ ಶೇಕಡಾವನ್ನೂ 20.9ರಿಂದ ಕಳೆಯಿರಿ. 5.9ನ್ನು ಅದರಿಂದ ಭಾಗಿಸಿ, ಬಂದದ್ದನ್ನು ಅಳೆದ ಪಿಪಿಎಂಗೆ ಗುಣಿಸಿ. ಆಮ್ಲಜನಕ ಶೇ. 18 ಇದ್ದಾಗ 20 ಪಿಪಿಎಂ ಅಳೆದಿದ್ದರೆ, ಹೊಂದಿಸಿದ ಮೇಲೆ ಅದು ಸುಮಾರು 41 ಪಿಪಿಎಂ. ವರದಿಯಲ್ಲಿರುವುದು ಹೊಂದಿಸಿದ ಅಂಕಿಯಾ ಅಂತ ಕೇಳಿ.

6. ಚಿಮಣಿಗೆ ಬರುವ ಮುಂಚೆ ಸೋರಿದ್ದನ್ನೂ ಸೇರಿಸಿ

ಬಾವಿಯಿಂದ ಸ್ಥಾವರದವರೆಗೆ ಕೊಳವೆ, ವಾಲ್ವ್, ಕಂಪ್ರೆಸರ್‌ಗಳಲ್ಲಿ ಮೀಥೇನ್ ಸೋರುತ್ತದೆ. ಹವಾಮಾನ ಬದಲಾವಣೆಯ ಅಂತರ ಸರ್ಕಾರಿ ಸಮಿತಿಯ (ಐಪಿಸಿಸಿ) ಆರನೇ ವರದಿಯ ಪ್ರಕಾರ ಒಂದು ಕೆ.ಜಿ. ಮೀಥೇನ್ 20 ವರ್ಷದ ಲೆಕ್ಕದಲ್ಲಿ 82.5 ಕೆ.ಜಿ. ಇಂಗಾಲದ ಡೈಆಕ್ಸೈಡಿಗೆ ಸಮ, 100 ವರ್ಷದ ಲೆಕ್ಕದಲ್ಲಿ 29.8 ಕೆ.ಜಿ.ಗೆ. ಉರಿದ ಪ್ರತಿ ಕೆ.ಜಿ.ಗೆ 20 ಗ್ರಾಂ ಸೋರಿತು ಅಂದುಕೊಳ್ಳಿ. ಉರಿದದ್ದರಿಂದ 2.75 ಕೆ.ಜಿ. ಸೋರಿದ್ದರಿಂದ 20 ವರ್ಷದ ಲೆಕ್ಕದಲ್ಲಿ 1.65 ಕೆ.ಜಿ., ಅಂದರೆ ಶೇ. 60ರಷ್ಟು ಮೇಲೆ. 100 ವರ್ಷದ ಲೆಕ್ಕದಲ್ಲಿ ಶೇ. 22ರ ಹತ್ತಿರ. ಯಾರಾದರೂ ಅಂಕಿ ಕೊಟ್ಟರೆ ಎಷ್ಟು ವರ್ಷದ ಲೆಕ್ಕ ಅಂತ ಕೇಳದೆ ಬರೆದುಕೊಳ್ಳಬೇಡಿ. ಪಿಸ್ಟನ್ ಎಂಜಿನ್‌ಗಳಾದರೆ ಉರಿಯದ ಮೀಥೇನ್ ಚಿಮಣಿಯಿಂದಲೂ ಟರ್ಬೈನ್‌ಗಿಂತ ಜಾಸ್ತಿ ಬರುತ್ತದೆ.

ಹೈಡ್ರೋಜನ್ ಬೆರೆಸುತ್ತೇವೆ ಅನ್ನುವ ಮಾತೂ ಈಗ ಕೇಳಿಬರುತ್ತದೆ. ಗಾತ್ರದ ಲೆಕ್ಕದಲ್ಲಿ ಶೇ. 30 ಬೆರೆಸಿದರೆ ಇಂಗಾಲದ ಡೈಆಕ್ಸೈಡ್ ಇಳಿಯುವುದು ಶೇ. 11ರಷ್ಟು ಮಾತ್ರ. ಒಂದು ಲೀಟರ್ ಹೈಡ್ರೋಜನ್‌ನಲ್ಲಿ ಮೀಥೇನಿನ ಮೂರನೇ ಒಂದು ಭಾಗದಷ್ಟೂ ಶಕ್ತಿ ಇರುವುದಿಲ್ಲ. ಅದರ ಜ್ವಾಲೆ ಇನ್ನೂ ಬಿಸಿ, ಆದ್ದರಿಂದ ನಾಕ್ಸ್ ಕಡೆ ಕಣ್ಣಿಡಬೇಕು.

7. ಕೇಳಬೇಕಾದ ದಾಖಲೆ

ಸಭೆಗೆ ಹೋದರೆ, ಅರ್ಜಿ ಹಾಕಿದರೆ, ಮೊದಲು ಕೇಳಬೇಕಾದದ್ದು ಸ್ಟಾರ್ಟ್‌ಗಳ ಪಟ್ಟಿ. ಯಾವ ದಿನ, ಎಷ್ಟು ಗಂಟೆಗೆ ಎದ್ದಿತು, ಎಷ್ಟು ಹೊತ್ತು ಓಡಿತು. ಆಮೇಲೆ ಚಿಮಣಿಯಲ್ಲಿ ಸದಾ ಅಳೆಯುವ ಮೀಟರ್ ಇದೆಯಾ, ಇಲ್ಲಾ ವರ್ಷಕ್ಕೊಮ್ಮೆ ಬಂದು ಅಳೆದು ಹೋಗುತ್ತಾರಾ ಅನ್ನುವುದು. ವರ್ಷಕ್ಕೊಮ್ಮೆ ಅಳೆಯುವವರು ಯಂತ್ರ ಹದವಾಗಿ ಓಡುವಾಗಲೇ ಅಳೆಯುತ್ತಾರೆ. ಪರವಾನಗಿಯ ಮಿತಿಯಲ್ಲಿ ಸ್ಟಾರ್ಟ್ ನಿಮಿಷಗಳು ಸೇರಿವೆಯಾ, ಹೊರಗಿವೆಯಾ ಅಂತ ಖಂಡಿತ ನೋಡಿ. ಹೊರಗಿದ್ದರೆ ಪ್ರತಿ ಸ್ಟಾರ್ಟ್‌ಗೆ ಎಷ್ಟು ಕೆ.ಜಿ. ಅನ್ನುವ ಬೇರೆ ಮಿತಿ ಇರಲೇಬೇಕು. ಕ್ಯಾಟಲಿಸ್ಟ್ ಇದ್ದರೆ ಹೊಗೆಯ ಜೊತೆ ಉಳಿದು ಹೊರಹೋಗುವ ಅಮೋನಿಯಾದ ಅಂಕಿಯೂ ಬೇಕು.

ಸ್ಥಾವರದಲ್ಲಿ ದುಡಿಯುವವರನ್ನು ಎದುರಾಳಿಗಳ ಹಾಗೆ ನೋಡಬೇಡಿ. ಅವರಿಗೂ ಸ್ಟಾರ್ಟ್ ಕಡಿಮೆಯಾದಷ್ಟೂ ಒಳ್ಳೆಯದೇ. ಪ್ರತಿ ಸಲ ಕಾದು ತಣಿಯುವಾಗ ಟರ್ಬೈನಿನ ಬ್ಲೇಡುಗಳು ಸವೆಯುತ್ತವೆ. ಅವರ ನಿರ್ವಹಣೆಯ ಲೆಕ್ಕದಲ್ಲಿ ಗಂಟೆಗಳ ಜೊತೆ ಸ್ಟಾರ್ಟ್‌ಗಳೂ ಇರುತ್ತವೆ. ಅಂದರೆ ನೀವು ಕೇಳುವ ಪಟ್ಟಿ ಅವರ ಹತ್ತಿರ ಈಗಾಗಲೇ ಇದೆ.

8. ಆ ಪಟ್ಟಿಯನ್ನು ಎರಡು ಭಾಗ ಮಾಡಿ

ಪಟ್ಟಿ ಸಿಕ್ಕ ಮೇಲೆ ನಾಲ್ಕು ಗಂಟೆಗಿಂತ ಕಡಿಮೆ ಓಡಿದ ದಿನಗಳನ್ನು ಎಡಗಡೆ, ಜಾಸ್ತಿ ಓಡಿದವನ್ನು ಬಲಗಡೆ ಬರೆಯಿರಿ. ನಾಲ್ಕು ಗಂಟೆ ಯಾಕೆಂದರೆ, ಗ್ರಿಡ್‌ಗೆ ಕೂರಿಸುವ ಎಷ್ಟೋ ಬ್ಯಾಟರಿಗಳು ಪೂರ್ತಿ ಶಕ್ತಿಯಲ್ಲಿ ಅಷ್ಟು ಹೊತ್ತು ಕೊಡಬಲ್ಲವು. 2017ರಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಹಾರ್ನ್ಸ್‌ಡೇಲ್‌ನಲ್ಲಿ ಶುರುವಾದ ದೊಡ್ಡ ಬ್ಯಾಟರಿ 100 ಮೆಗಾವ್ಯಾಟ್, 129 ಮೆಗಾವ್ಯಾಟ್ ಗಂಟೆಯದ್ದು. ಅಂದರೆ ಪೂರ್ತಿ ಶಕ್ತಿಯಲ್ಲಿ ಒಂದೂಕಾಲು ಗಂಟೆ ಚಿಲ್ಲರೆ. ಆಮೇಲೆ ಬಂದವು ಇನ್ನೂ ಹೆಚ್ಚು ಹೊತ್ತು ಬರುತ್ತವೆ.

ಬ್ಯಾಟರಿಗೆ ಸ್ಟಾರ್ಟ್ ಅನ್ನುವುದೇ ಇಲ್ಲ. ಒಂದು ಸೆಕೆಂಡಿಗಿಂತ ಬೇಗ ವಿದ್ಯುತ್ ಕೊಡುತ್ತದೆ. ಆದರೆ ಅದನ್ನು ಯಾವುದರಿಂದ ತುಂಬುತ್ತಾರೆ ಅನ್ನುವುದನ್ನೂ ಬರೆಯಬೇಕು. ತುಂಬಿದ್ದರಲ್ಲಿ ಸುಮಾರು ಶೇ. 15 ದಾರಿಯಲ್ಲೇ ಹೋಗುತ್ತದೆ. ಮಧ್ಯಾಹ್ನದ ಹೆಚ್ಚುವರಿ ಸೋಲಾರ್‌ನಿಂದ ತುಂಬಿದರೆ ಒಂದು ಲೆಕ್ಕ, ಕಲ್ಲಿದ್ದಲಿನಿಂದ ತುಂಬಿದರೆ ಬೇರೆಯೇ ಲೆಕ್ಕ.

ನಮ್ಮ ಉದಾಹರಣೆಯ ಸ್ಥಾವರ ದಿನಕ್ಕೆ 3 ಗಂಟೆ ಓಡಿತ್ತು. ಅದರ 100 ಸ್ಟಾರ್ಟ್‌ಗಳೂ ಎಡಗಡೆಯ ಪಟ್ಟಿಗೇ ಬೀಳುತ್ತವೆ. 50 ಮೆಗಾವ್ಯಾಟನ್ನು 3 ಗಂಟೆ ಕೊಡಲು 150 ಮೆಗಾವ್ಯಾಟ್ ಗಂಟೆಯ ಬ್ಯಾಟರಿ ಬೇಕು. ನಿಜವಾದ ಸ್ಥಾವರದ ಪಟ್ಟಿ ಹೀಗೆ ನೇರ ಇರುವುದಿಲ್ಲ. ಬಲಗಡೆಯಲ್ಲೂ ಕೆಲವು ದಿನ ಉಳಿಯುತ್ತವೆ. ದಿನಗಟ್ಟಲೆ ಗಾಳಿ ಬೀಸದೆ, ಮೋಡ ಕವಿದಿದ್ದಾಗ ಹತ್ತು ಹನ್ನೆರಡು ಗಂಟೆ ಓಡಿದವು. ಗ್ರಿಡ್ ಪೂರ್ತಿ ಬಿದ್ದಾಗ ಅದನ್ನು ಮತ್ತೆ ಎಬ್ಬಿಸಲು ಓಡಿದವು. ಬಲಗಡೆಯವನ್ನು ಒಂದೊಂದಾಗಿ ನೋಡಿ, ಪ್ರತಿಯೊಂದರ ಮುಂದೆ ಆ ದಿನ ಬೇರೆ ಏನು ಸಿಗುತ್ತಿತ್ತು ಅಂತ ಬರೆಯಿರಿ. ಎಡಗಡೆಯವನ್ನು ಕೂಡಿಸಿ, ಸ್ಟಾರ್ಟ್‌ಗಳ ಸಂಖ್ಯೆಯನ್ನು ಆ ಸ್ಥಾವರದ ಪ್ರತಿ ಸ್ಟಾರ್ಟಿನ ನಾಕ್ಸ್‌ನಿಂದ (ಐದನೇ ಹೆಜ್ಜೆಯ 10 ಕೆ.ಜಿ. ಬರೀ ಉದಾಹರಣೆ) ಗುಣಿಸಿ, ಪುಟದ ಕೆಳಗೆ ಬರೆಯಿರಿ. ಮುಂದಿನ ಸಭೆಗೆ ಆ ಪುಟವನ್ನು ತೆಗೆದುಕೊಂಡು ಹೋಗಿ.